ಅಣ್ಣನ ಹಲ್ಲಿನ ಗುರುತು

ಎದುರಿಗೆ ಬಂದವರ ಕಣ್ಣು ನೋಡಿ ಮಾತಾಡುವುದು ಲೋಕರೂಢಿ. ನಮ್ಮ ಮೇಸ್ತ್ರಿಗಳು ಮಾತ್ರ ಮೊದಲು ಬಾಯಿಯನ್ನು ನೋಡುತ್ತಿದ್ದರು. ಯಾವ ಹಲ್ಲು ಉದುರಿದೆ, ಯಾವುದು ಅಲ್ಲಾಡುತ್ತಿದೆ, ನಗುವಾಗ ತುಟಿ ಯಾವ ಪಕ್ಕಕ್ಕೆ ಎಳೆಯುತ್ತದೆ, ಈ ಮನುಷ್ಯ ಹೊಗೆ ಸೇದುವ ಪೈಪನ್ನು ಎಡಕ್ಕೆ ಕಚ್ಚುವವನೋ ಬಲಕ್ಕೆ ಕಚ್ಚುವವನೋ ಎಂಬುದೆಲ್ಲ ಇತ್ಯರ್ಥವಾದ ಮೇಲೆಯೇ ಅವರ ದೃಷ್ಟಿ ಸಾವಕಾಶವಾಗಿ ಮೇಲೇರಿ ಕಣ್ಣಿಗೆ ಬರುತ್ತಿತ್ತು. ಮೊದಲ ಭೇಟಿಯಲ್ಲಿ ನನ್ನ ಮೀಸೆಗೇನೋ ಅಂಟಿಕೊಂಡಿದೆಯೆಂದು ಭಾವಿಸಿ ನಾನು ಮತ್ತೆ ಮತ್ತೆ ಕರವಸ್ತ್ರದಿಂದ ಒರೆಸಿಕೊಂಡೆ. "ಏನೂ ಅಂಟಿಲ್ಲ. ಒಳ್ಳೇ ಬಾಯಿ, ಸುಮ್ನೆ ದಂಡ ಆಗಿದೆ" ಎಂದರು. ನಾನು ಹೊಗೆ ಸೇದುವವನಲ್ಲ ಎಂಬುದು ಅಷ್ಟರಲ್ಲೇ ಅವರಿಗೆ ತಿಳಿದುಹೋಗಿತ್ತು.

ಅವರು ಕೆಲಸ ಮಾಡುತ್ತಿದ್ದ ಪೈಪಿನ ಕಾರ್ಖಾನೆ ದೊಡ್ಡದೇನಲ್ಲ. ಕೆಳಗೆ, ಪೈಪಿಗೆಂದೇ ತರಿಸುವ ಗಟ್ಟಿ ಬೇರಿನ ಗಡ್ಡೆಗಳನ್ನು ವರ್ಷಗಟ್ಟಲೆ ಒಣಗಲು ಬಿಡುವ ಕತ್ತಲೆ ಕೋಣೆ. ಕಿರಿದಾದ ಮರದ ಮೆಟ್ಟಿಲು. ಮೇಲೆ ಉದ್ದನೆಯ ಹಜಾರ. ಹಜಾರದ ಕೊನೆಯಲ್ಲಿ, ದೊಡ್ಡ ಕಿಟಕಿಯ ಬೆಳಕಿಗೆ ಮೈಯೊಡ್ಡಿದ ಅವರ ಮೇಜು. ಕಂದು ಬಣ್ಣದ ಒಂದು ಕೋಟು ಅವರ ಮೈಮೇಲೆ ಸದಾ ಇರುತ್ತಿತ್ತು. ಅದರ ಬಲಜೇಬಿನಲ್ಲಿ ಯಾವಾಗಲೂ ಒಂದೆರಡು ಮರದ ತುಂಡು ಬಿದ್ದಿರುತ್ತಿದ್ದುದರಿಂದ ಕೋಟು ಆ ಕಡೆಗೆ ಜೋತುಬಿದ್ದು, ಅದನ್ನು ಸರಿದೂಗಿಸಲೋ ಎಂಬಂತೆ ಅವರು ಎಡಹೆಗಲನ್ನು ತಗ್ಗಿಸಿ ನಡೆಯುತ್ತಿದ್ದರು. ಹೊಳಪು ಕೊಟ್ಟ ಪೈಪನ್ನು ಕಡೆಯದಾಗಿ ಮೂಗಿನ ಪಕ್ಕಕ್ಕೆ ಉಜ್ಜಿ ಅಲ್ಲಿನ ಜಿಡ್ಡನ್ನು ಮರಕ್ಕೆ ಕುಡಿಸುವುದು ಅವರ ಹಟದ ಅಭ್ಯಾಸ; ಯಾವ ಎಣ್ಣೆಯೂ ಅದಕ್ಕೆ ಸಮನಲ್ಲವೆಂಬುದು ಅವರ ಸಿದ್ಧಾಂತ. ಹೀಗಾಗಿ ಪೈಪಿನಷ್ಟೇ ಅವರ ಮೂಗೂ ಹೊಳೆಯುತ್ತಿತ್ತು. ಹಜಾರದವರೆಲ್ಲ ಬೆನ್ನ ಹಿಂದೆ ಅವರನ್ನು ಮೂಗುಮೇಸ್ತ್ರಿ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ವರ್ಷಾಂತ್ಯದ ರಜೆಗೆ ಆ ಕಾರ್ಖಾನೆ ಒಂದು ವಿಶೇಷ ಪೈಪನ್ನು ಹೊರತರುತ್ತಿತ್ತು. ವರ್ಷಕ್ಕೊಂದೇ ವಿನ್ಯಾಸ, ಮಾಡುವುದು ಕೆಲವೇ ನೂರು. ಹಿಡಿಗೂ ಕಚ್ಚುತುದಿಗೂ ನಡುವೆ ಆಯಾ ವರ್ಷವನ್ನು ಕೆತ್ತಿದ ತೆಳುವಾದ ಕೆಂಪು ಬಳೆ. ಅದಕ್ಕಾಗಿ ಕಾದು ಕುಳಿತು ಕೊಳ್ಳುವವರು, ಕೊಂಡು ಗಾಜಿನ ಕಪಾಟಿನಲ್ಲಿ ಸಾಲಾಗಿ ಇಡುವವರು, ಇಟ್ಟು ಅದರ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು ಎಲ್ಲರೂ ಇದ್ದರು. ಆರಂಭದ ವರ್ಷದಿಂದಲೂ ವಿನ್ಯಾಸ ಮೇಸ್ತ್ರಿಗಳದೇ. ಪೆಟ್ಟಿಗೆಯೊಳಗೆ ಇಡುವ ಸಣ್ಣ ಮುದ್ರಿತ ಚೀಟಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪೈಪು ಬಾಗಿದ ವರ್ಷ ನಾನು ಹಂಸಗ್ರೀವದ ಲಾಲಿತ್ಯ ಎಂದು ಬರೆದೆ. ಬುಡ ಚಪ್ಪಟೆಯಾದ ವರ್ಷ ಭೂಮಿಗೆ ಮರಳಿದ ಕಲೆ ಎಂದೆ. ಹೊಗೆಸೊಪ್ಪು ತುಂಬುವ ಬಟ್ಟಲಿನ ಅಂಚು ದಪ್ಪವಾದ ವರ್ಷ ಗಾಂಭೀರ್ಯವೆಂದೂ, ಕಚ್ಚುತುದಿ ಅಗಲವಾದ ವರ್ಷ ಔದಾರ್ಯವೆಂದೂ ವ್ಯಾಖ್ಯಾನಿಸಿದೆ. ಮೇಸ್ತ್ರಿಗಳು ನನ್ನಿಂದಲೇ ಓದಿಸಿ ಕಣ್ಣುಮುಚ್ಚಿ ಕೇಳುತ್ತಿದ್ದರು. ಹೊಗಳಿಕೆಯೆಂದರೆ ಅವರಿಗೆ ಬಲು ಇಷ್ಟ. ಇನ್ನೊಂದು ಸಲ ಓದಿ ಎಂದು ಹೇಳಲು ಅವರು ಎಂದೂ ನಾಚಿದವರಲ್ಲ.

ಮಾತಿನಲ್ಲಿ ಅವರದೊಂದು ಚಾಳಿಯಿತ್ತು. ಹರಟೆ ಎಷ್ಟೇ ಸೊಗಸಾಗಿ ಹರಿಯುತ್ತಿರಲಿ, ಯಾವುದೋ ಒಂದು ತಿರುವಿನಲ್ಲಿ "ಅದಿರಲಿ" ಎಂದು ತಟ್ಟನೆ ನಿಲ್ಲಿಸಿ ಬೇರೆ ವಿಷಯಕ್ಕೆ ಹಾರುತ್ತಿದ್ದರು. ಬಹಳ ಕಾಲದ ಮೇಲೆ ನನಗೆ ಹೊಳೆಯಿತು, ಆ ತಿರುವು ಯಾವಾಗಲೂ ಒಂದೇ. ಕೆಲಸ ಕಲಿತದ್ದು ಯಾರಿಂದ ಎಂಬ ಪ್ರಶ್ನೆಯ ಹತ್ತಿರ ಬಂದಾಗಲೆಲ್ಲ ಆ ಮಾತು ಬರುತ್ತಿತ್ತು.

ಕಲಿತದ್ದು ಸ್ವಂತ ಅಣ್ಣನಿಂದ. ಅದೇ ಹಜಾರದಲ್ಲಿ, ಅದೇ ಕಿಟಕಿಯ ಮೇಜಿನಲ್ಲಿ ಮೊದಲು ಕೂರುತ್ತಿದ್ದವರು ಆ ಅಣ್ಣ. ತಮ್ಮನ ಕೈಗೆ ಬೈರಿಗೆ ಕೊಟ್ಟು ಕೊರೆಯಲು ಕಲಿಸಿದವರೂ ಅವರೇ. ರಜೆಯ ಪೈಪು ಹೊರತರಬೇಕೆಂದು ಯಜಮಾನರು ಮೊದಲ ಸಲ ಯೋಚಿಸಿದಾಗ ಅಣ್ಣತಮ್ಮಂದಿರಿಬ್ಬರೂ ಒಂದೊಂದು ಮಾದರಿ ಮಾಡಿಟ್ಟರು. ಯಜಮಾನರಿಗೆ ಹಿಡಿಸಿದ್ದು ತಮ್ಮನದು. ಅಣ್ಣ ಅದನ್ನೆತ್ತಿ ಬಾಯಿಗಿಟ್ಟು ಒಮ್ಮೆ ಎಳೆದು, ಬಟ್ಟಲಿನ ಗುಳಿಯೂ ಗಾಳಿಯ ತೂತೂ ಕೂಡುವ ಜಾಗ ಸರಿಯಿಲ್ಲ, ತಳಕ್ಕಿಂತ ಕೂದಲೆಳೆಯಷ್ಟು ಮೇಲಿದೆ, ಹೊಗೆಸೊಪ್ಪು ಅಡಿಯಲ್ಲಿ ಹಸಿಯಾಗಿಯೇ ಉಳಿಯುತ್ತದೆ ಎಂದರಂತೆ. ತಮ್ಮನೋ ಇಡೀ ಹಜಾರ ಕೇಳುವಂತೆ ನಕ್ಕು, ನಿನ್ನ ಕಾಲ ಮುಗೀತು ಅಣ್ಣ ಎಂದುಬಿಟ್ಟರು. ಅಣ್ಣ ಉಪಕರಣಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದವರು ಬಾಗಿಲು ಕಿಟಕಿ ಮಾಡುವ ಬಡಗಿಗಳ ಜೊತೆ ಸೇರಿಕೊಂಡರು. ಇಬ್ಬರ ಮನೆಗೂ ನಡುವೆ ಎರಡು ಬೀದಿ. ಆ ಎರಡು ಬೀದಿಯನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇಬ್ಬರೂ ದಾಟಲಿಲ್ಲ. ಅಣ್ಣ ಹೇಳಿದ್ದೇ ಸರಿಯಾಗಿತ್ತು ಎನ್ನುವುದು ಮೊದಲ ವರ್ಷದ ಪೈಪುಗಳು ಸೇದುವವರ ಕೈಸೇರಿದೊಡನೆ ಗೊತ್ತಾಯಿತು. ಎರಡನೆಯ ವರ್ಷ ಮೇಸ್ತ್ರಿಗಳು ಸದ್ದಿಲ್ಲದೆ ತೂತನ್ನು ತಳಕ್ಕಿಳಿಸಿದರು. ಸರಿಯೆಂದು ಮಾತ್ರ ಯಾರೆದುರೂ ಒಪ್ಪಲಿಲ್ಲ.

ಆ ಬೀದಿಗಳನ್ನು ದಾಟುತ್ತಿದ್ದವರು ಅತ್ತಿಗೆಯೊಬ್ಬರೇ. ಪ್ರತಿ ವರ್ಷವೂ ರಜೆಯ ಪೈಪು ಸಿದ್ಧವಾದಾಗ ಅವರು ಹಿಂದಿನ ವರ್ಷದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಮೇಜಿನ ಮೇಲಿಟ್ಟು ಹೊಸದನ್ನು ಒಯ್ಯುತ್ತಿದ್ದರು. ಹಳೆಯದನ್ನು ತೆಗೆದುಕೊಂಡು ಹೊಸದು ಕೊಡುವ ಅಂಗಡಿಯೊಂದಿದೆ ಎಂದು ಅವರು ಗಂಡನಿಗೆ ಹೇಳುವುದು, ಅಂಥ ಅಂಗಡಿ ಮೂರು ಲೋಕದಲ್ಲೂ ಇಲ್ಲವೆಂದು ಬಲ್ಲ ಗಂಡ ಅದನ್ನು ನಂಬಿದಂತೆ ಮಾಡುವುದು, ಹೀಗೆ ಆ ಮನೆಯ ಸಂಸಾರ ನಡೆದಿತ್ತು.

ಅತ್ತಿಗೆ ಹೋದ ಮೇಲೆ ಮೇಸ್ತ್ರಿಗಳು ಆ ಹಳೆಯ ಪೈಪನ್ನು ಬೆಳಕಿಗೆ ಹಿಡಿದು ಓದುತ್ತಿದ್ದರು. ಓದುವುದು ಎಂಬುದು ಅವರದೇ ಮಾತು. ಒಂದು ವರ್ಷ ಕಚ್ಚುತುದಿಯ ಮೇಲೆ ಮುಂದಿನ ಹಲ್ಲಿನ ಗುರುತು ಆಳವಾಗಿ, ಓರೆಯಾಗಿ ಬಿದ್ದಿತ್ತು. ಅಣ್ಣನ ಹಲ್ಲು ಅಲ್ಲಾಡುತ್ತಿದೆ, ಭಾರ ತಡೆಯುತ್ತಿಲ್ಲ ಎಂದು ತಿಳಿದು, ತೂಕವೆಲ್ಲ ಕೆಳಕ್ಕೆ ಜೋಲುವಂತೆ ಮುಂದಿನ ವರ್ಷದ ಪೈಪನ್ನು ಬಾಗಿಸಿದರು. ನನ್ನ ಹಂಸಗ್ರೀವ ಅದೇ. ಇನ್ನೊಂದು ವರ್ಷ ಬಟ್ಟಲಿನ ಪಕ್ಕದಲ್ಲಿ ಬಿದ್ದೆದ್ದ ಏಟುಗಳಿದ್ದವು. ಕೈ ನಡುಗಿ ಕೆಳಗಿಡುವಾಗ ಉರುಳುತ್ತಿದೆಯೆಂದು ಬುಡವನ್ನು ಚಪ್ಪಟೆ ಮಾಡಿದರು. ಅಂಚು ಒಂದೇ ಕಡೆ ಸುಟ್ಟು ಬಂದ ವರ್ಷ, ಕಣ್ಣು ಮಂಜಾಗಿ ಕಡ್ಡಿಯ ಉರಿ ಎಲ್ಲಿ ತಾಗುತ್ತಿದೆ ಎಂದು ಅಣ್ಣನಿಗೆ ಕಾಣುತ್ತಿಲ್ಲವೆಂದು ಅಂಚನ್ನು ದಪ್ಪಗೊಳಿಸಿದರು. ಹಲ್ಲಿನ ಗುರುತೇ ಮಾಯವಾಗಿ ಬರಿಯ ಒಸಡಿನ ಸವೆತ ಉಳಿದ ವರ್ಷ ಕಚ್ಚುತುದಿ ಅಗಲವಾಯಿತು. ರಸಿಕರು ಯುಗಧರ್ಮವೆಂದೂ ಶೈಲಿಯ ವಿಕಾಸವೆಂದೂ ಕೊಂಡಾಡಿದ ಆ ಸಾಲು ಸಾಲು ಪೈಪುಗಳು ಒಬ್ಬ ಮನುಷ್ಯ ಮುದುಕನಾಗುತ್ತ ಹೋದ ಬಗೆಯಷ್ಟೇ ಆಗಿದ್ದವು. ಇದನ್ನು ಮೇಸ್ತ್ರಿಗಳು ಒಂದು ಮಧ್ಯಾಹ್ನ ನನಗೆ ಒಂದೊಂದನ್ನೇ ಕೈಗೆ ಕೊಟ್ಟು ಹೇಳಿದರು. ಅವರು "ಅದಿರಲಿ" ಎಂದು ಪೈಪುಗಳನ್ನು ಮತ್ತೆ ಹಲಗೆಯ ಮೇಲೆ ಜೋಡಿಸಿಟ್ಟರು.

ಕೊನೆಗೊಂದು ವರ್ಷ ಅತ್ತಿಗೆ ತಂದ ಪೈಪು ಹೆಚ್ಚುಕಡಿಮೆ ಹೊಸದರ ಹಾಗೆಯೇ ಇತ್ತು. ಚೀಟಿಯ ಕರಡು ತೋರಿಸಲು ನಾನು ಅಲ್ಲೇ ಕೂತಿದ್ದೆ. ಬಟ್ಟಲಿನ ಒಳಗೋಡೆ ಸರಿಯಾಗಿ ಕಪ್ಪಾಗಿಯೂ ಇರಲಿಲ್ಲ. ಮೂಸಿದರೆ ಹೊಗೆಯ ಬದಲು ಔಷಧಿಯ ವಾಸನೆ. ವೈದ್ಯರು ನಿಲ್ಲಿಸಿಬಿಡಿ ಎಂದಿದ್ದಾರೆ, ಹಚ್ಚುವುದಿಲ್ಲ, ಬಾಯಲ್ಲಿಟ್ಟುಕೊಂಡು ಸುಮ್ಮನೆ ಗಾಳಿ ಎಳೆಯುತ್ತ ಕೂತಿರುತ್ತಾರೆ ಎಂದರು ಅತ್ತಿಗೆ. ಮುಂದಿನ ವರ್ಷಕ್ಕೆ ಓದಲು ಪೈಪು ಬರುವುದಿಲ್ಲ ಎಂಬುದು ಆ ಮೇಜಿನ ಸುತ್ತ ಇದ್ದ ಮೂವರಿಗೂ ಅರ್ಥವಾಗಿತ್ತು.

ಪೆಟ್ಟಿಗೆಗಳಲ್ಲಿ ಸಿದ್ಧವಾಗಿದ್ದ ಪೈಪುಗಳಲ್ಲಿ ಒಂದನ್ನೂ ಅವರು ಮುಟ್ಟಲಿಲ್ಲ. ಕೂತಿರಿ ಅತ್ತಿಗೆ ಎಂದು ಹೇಳಿ, ರೂಪ ಕೊಟ್ಟು ತೂತು ಕೊರೆಯದೆ ಇಟ್ಟಿದ್ದ ಒಂದನ್ನು ತೆಗೆದು, ಬಟ್ಟಲಿನ ಗುಳಿಯನ್ನು ಕೊರೆದರು. ಆಮೇಲೆ ಪಕ್ಕದಿಂದ ಗಾಳಿಯ ತೂತಿಗೆ ಬೈರಿಗೆ ಹಿಡಿದು, ಬೆರಳಿನಿಂದ ಅಳೆದು ಅಳೆದು ಕೊರೆಯುತ್ತ ಹೋಗಿ, ಗುಳಿಯ ತಳ ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಕೈ ನಿಲ್ಲಿಸಿದರು. ಕಚ್ಚುತುದಿ ಸೇರಿಸಿ, ಕೆಂಪು ಬಳೆ ತೊಡಿಸಿ, ಮೂಗಿಗೆ ಉಜ್ಜಿ ಅತ್ತಿಗೆಯ ಕೈಗಿತ್ತರು. ಅವರು ಮೆಟ್ಟಿಲಿಳಿದ ಮೇಲೆ, ಆ ಪೈಪಿನಲ್ಲಿ ಗಾಳಿಯಾಡುವುದಿಲ್ಲವಲ್ಲ ಎಂದು ನಾನು ಕೇಳಿದೆ.

"ಆಡಲ್ಲ" ಎಂದರು. "ಅವನಿಗೆ ತಮ್ಮ ಬೇಡದೆ ಇರಬಹುದು. ಕೆಟ್ಟ ಪೈಪನ್ನ ಮಾತ್ರ ಅವನು ಸಹಿಸೋನಲ್ಲ. ಬೈಯೋಕಾದ್ರೂ ಬರ್ತಾನೆ."

ತಮ್ಮ ಕೈಯಿಂದ ತಪ್ಪಾಯಿತೆಂದು ಎಂದೂ ಒಪ್ಪದ, ಇಡೀ ಹಜಾರದಲ್ಲಿ ಮೂಗು ಮೇಲೆತ್ತಿಯೇ ನಡೆದ ಮನುಷ್ಯ, ಅಣ್ಣ ಅಂದು ಹೊರಿಸಿದ ದೋಷವನ್ನೇ ಆರಿಸಿ, ಅದನ್ನು ಇನ್ನಷ್ಟು ಕೆಡಿಸಿ, ತಮ್ಮದೇ ಹೆಸರಿನಲ್ಲಿ ಕಳಿಸಿದ್ದರು. ಆ ವಾರವೆಲ್ಲ ನಾನು ಒಂದಲ್ಲ ಒಂದು ನೆಪ ತೆಗೆದು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಮೇಸ್ತ್ರಿಗಳ ಕೈಯಲ್ಲಿ ಕೆಲಸವಿರುತ್ತಿತ್ತು, ಕಿವಿ ಮೆಟ್ಟಿಲ ಮೇಲಿರುತ್ತಿತ್ತು. ಅಣ್ಣ ಗಾಳಿ ಎಳೆದು ನೋಡದೆ ಕಪಾಟಿನಲ್ಲಿಟ್ಟುಬಿಟ್ಟರೆ ಏನು ಗತಿ ಎಂದು ಒಮ್ಮೆ ತಾವೇ ಅಂದುಕೊಂಡರು.

ಬಂದರು. ಮೆಟ್ಟಿಲು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು, ಅತ್ತಿಗೆಯ ಹೆಗಲು ಹಿಡಿದುಕೊಂಡು, ಶಾಲು ಹೊದ್ದ ಬಡಕಲು ದೇಹವೊಂದು ಹಜಾರದುದ್ದಕ್ಕೂ ನಡೆದು ಬಂದು ಕಿಟಕಿಯ ಮೇಜಿನೆದುರು ನಿಂತಿತು. ಎಡಹೆಗಲು ತಗ್ಗಿತ್ತು, ಆ ನಡಿಗೆ ಮೇಸ್ತ್ರಿಗಳಿಗೆ ಕೋಟಿನಿಂದ ಬಂದದ್ದಲ್ಲ ಎಂದು ನನಗೆ ಆಗ ತಿಳಿಯಿತು. ಅಣ್ಣ ಪೈಪನ್ನು ಮೇಜಿನ ಮೇಲೆ ಕುಕ್ಕಿದರು.

"ತೂತು ಕೂಡಿಲ್ಲ. ಆವತ್ತೇ ಹೇಳಿರಲಿಲ್ವಾ ನಿಂಗೆ?"

ಹಜಾರದಲ್ಲಿ ಉಳಿದವರ ಕೈಗಳೂ ನಿಂತಿದ್ದವು. ಮೇಸ್ತ್ರಿಗಳು ಎದ್ದು ನಿಂತರು.

"ಹೇಳಿದ್ದೆ ಅಣ್ಣ. ನೀನು ಹೇಳಿದ್ದೇ ಸರಿ."

ಅಣ್ಣ ಮುಂದೆ ಬೈಯಲೆಂದು ಸಿದ್ಧಮಾಡಿಕೊಂಡು ಬಂದದ್ದೆಲ್ಲ ಆ ಒಂದು ಮಾತಿಗೆ ದಾರಿತಪ್ಪಿತು. ಗೊಣಗುತ್ತ ಮೇಜಿಗೆ ಕೂತು, ಕಚ್ಚುತುದಿ ಕಳಚಿ, ಬೈರಿಗೆಗೆ ಕೈಚಾಚಿದರು. ಕೈ ವಿಪರೀತ ನಡುಗುತ್ತಿತ್ತು. ಮೇಸ್ತ್ರಿಗಳು ಹಿಂದಿನಿಂದ ಬಾಗಿ, ಒಂದು ಕಾಲದಲ್ಲಿ ತಮ್ಮ ಕೈಯನ್ನು ಅಣ್ಣ ಹಿಡಿದಿದ್ದಂತೆಯೇ, ಆ ಕೈಯನ್ನು ಹಿಡಿದುಕೊಂಡರು. ಉಳಿದಿದ್ದ ಕೂದಲೆಳೆಯಷ್ಟು ಮರ ಪುಡಿಯಾಗಿ ಉದುರಿತು. ಅಣ್ಣ ತೂತನ್ನು ಊದಿ, ತುದಿ ಸೇರಿಸಿ, ಬಾಯಿಗಿಟ್ಟು ಎಳೆದರು. ಗಾಳಿ ಸರಾಗವಾಗಿ ಬಂತು. ಆಮೇಲೆ ತಲೆಯೆತ್ತಿ, ಮಂಜುಗಣ್ಣನ್ನು ಕಿರಿದು ಮಾಡಿಕೊಂಡು, ತಮ್ಮನ ಬಾಯನ್ನು ಬಹಳ ಹೊತ್ತು ನೋಡಿದರು.

"ಮುಂದಿನ ಹಲ್ಲು ಯಾವಾಗ ಬಿತ್ತೋ ನಿಂದು?"

ಅಷ್ಟೂ ವರ್ಷ ತಮ್ಮನಿಗೆ ಅಣ್ಣನ ಪೈಪು ಓದಲು ಸಿಗುತ್ತಿತ್ತು. ಅಣ್ಣನಿಗೆ ತಮ್ಮನದು ಸಿಕ್ಕಿರಲಿಲ್ಲ. ಮೇಸ್ತ್ರಿಗಳು ಅದಿರಲಿ ಎನ್ನಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು, ಎಲ್ಲರೆದುರೂ, ಚಿಕ್ಕವರ ಹಾಗೆ ಅತ್ತರು.

ತಪ್ಪು ಬೇಕೆಂದೇ ಮಾಡಿದ್ದೆಂದು ಅಣ್ಣನಿಗೆ ಗೊತ್ತಾಗಿತ್ತೇ? ನಾನು ಹೇಳಲಾರೆ. ಇಲ್ಲದ ಅಂಗಡಿಯನ್ನು ನಂಬಿದಂತೆ ಮಾಡಿದ್ದವರು ಇದನ್ನೂ ನಂಬಿದಂತೆ ಮಾಡಿರಬಹುದು. ಮೇಸ್ತ್ರಿಗಳಂತೂ ಅದು ತಮ್ಮ ಕೈತಪ್ಪೆಂದೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಆ ಚಳಿ ಕಳೆಯುವುದರೊಳಗೆ ಅಣ್ಣ ತೀರಿಕೊಂಡರು. ಅಲ್ಲಿಯವರೆಗೆ ದಿನವೂ ಸಂಜೆ ಮೇಸ್ತ್ರಿಗಳು ಆ ಎರಡು ಬೀದಿ ದಾಟಿ ಹೋಗಿ ಹಾಸಿಗೆಯ ಪಕ್ಕ ಕೂತು ಬೈಸಿಕೊಂಡು ಬರುತ್ತಿದ್ದರು. ಮರುವರ್ಷದ ರಜೆಯ ಪೈಪು ನೆಟ್ಟಗೆ, ಉದ್ದಕ್ಕೆ, ಗಟ್ಟಿ ಹಲ್ಲಿನ ಹರೆಯದವನೊಬ್ಬನ ಬಾಯಿಗೆಂದು ಮಾಡಿದಂತೆ ಹೊರಬಂತು. ಅದು ಮೊದಲ ವರ್ಷ ಯಜಮಾನರು ಬೇಡವೆಂದಿದ್ದ ಅಣ್ಣನ ಮಾದರಿ. ರಸಿಕರು ಮೂಲಕ್ಕೆ ಮರಳಿದ ಶೈಲಿ ಎಂದರು. ಆ ವರ್ಷದ ಚೀಟಿಯಲ್ಲಿ ಮೇಸ್ತ್ರಿಗಳು ನನ್ನಿಂದ ಅಣ್ಣನ ಹೆಸರೊಂದನ್ನೇ ಬರೆಸಿದರು.

ಇಂಥವರು ಲೋಕದಲ್ಲಿ ವಿರಳರೇನಲ್ಲ. ತಮ್ಮವರ ಕೈ ನಡುಗುವುದು, ಕಣ್ಣು ಮಂಜಾಗುವುದು, ಹಲ್ಲು ಸಡಿಲುವುದು ಎಲ್ಲವೂ ಅವರಿಗೆ ದೂರದಿಂದಲೇ ತಿಳಿಯುತ್ತದೆ. ಎದುರಿಗೆ ಹೋಗಿ ಹೇಗಿದ್ದೀಯೆಂದು ಕೇಳಲು ಮಾತ್ರ ನಾಲಗೆ ಏಳುವುದಿಲ್ಲ. ತಪ್ಪಾಯಿತೆಂಬ ಒಂದು ಮಾತನ್ನು ಆಡಲಾರದೆ ವರ್ಷಕ್ಕೊಂದು ಹೊಸ ವಸ್ತುವನ್ನು ಕಡೆಯುತ್ತ ಹೋಗುತ್ತಾರೆ. ನಾವು ಅದನ್ನು ಕಲೆಯೆಂದು ಕಪಾಟಿನಲ್ಲಿಡುತ್ತೇವೆ.