ಲಾಯಿಲದ ಕಾಲುಸಂಕದ ವೆಬ್‌ಪುಟ

ಸರಕಾರಿ ಕಚೇರಿಗಳಿಗೆ ಅಪರೂಪಕ್ಕೊಮ್ಮೆ ಒಳ್ಳೆಯ ಬುದ್ಧಿ ಬರುತ್ತದೆ. ಬಂದ ಮೇಲೆ ಅದನ್ನು ಏನು ಮಾಡಬೇಕೆಂದು ಅವರಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. 2006ರಲ್ಲಿ ವಿದೇಶದ ಸಾಲ ತಂದ ಒಂದು ಯೋಜನೆಯವರಿಗೆ ಹಾಗೊಂದು ಬುದ್ಧಿ ಬಂತು. ಅವರ ದುಡ್ಡಿನಲ್ಲಿ ಕಟ್ಟುವ ಪ್ರತಿಯೊಂದು ಸೇತುವೆಗೂ ಸಂಕಕ್ಕೂ ಚರಂಡಿಗೂ ಗುತ್ತಿಗೆದಾರನೇ ಒಂದು ವೆಬ್‌ಪುಟ ಮಾಡಿಸಿ ಸಾರ್ವಜನಿಕರಿಗೆ ಮಾಹಿತಿ ಕೊಡಬೇಕಂತೆ. ಆ ಸಾರ್ವಜನಿಕರಿಗೆ ಕರೆಂಟೇ ಸರಿಯಾಗಿ ಇರಲಿಲ್ಲ, ಆದರೆ ಅದು ಬೇರೆ ಇಲಾಖೆಯ ತಲೆನೋವು.

ನನಗೆ ಆಗ ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯಲ್ಲಿ, ನಾಲ್ಕು ಕಂಪ್ಯೂಟರಿನ ಒಂದು ಸೈಬರ್ ಸೆಂಟರ್ ಇತ್ತು. ಪಾಣೆಮಂಗಳೂರಿನ ಕಂಟ್ರಾಕ್ಟರ್ ಹನೀಫಾ ಒಂದು ದಿನ ಮೆಟ್ಟಿಲು ಹತ್ತಿ ಬಂದು ಕರಾರುಪತ್ರವನ್ನು ನನ್ನ ಕೀಬೋರ್ಡಿನ ಮೇಲೆ ಬಿಸಾಡಿದರು.

"ಸುರಕ್ಷಾ, ಇದೆಂಥದು ನೋಡು ಮಾರಾಯ್ತಿ. ಲಾಯಿಲದಲ್ಲಿ ಒಂದು ಕಾಲುಸಂಕ ಕಟ್ಟಲಿಕ್ಕೆ ನನಗೆ ಕಂಪ್ಯೂಟರ್ ಯಾಕೆ?"

ನಾನು ಹದಿನೆಂಟನೇ ಕಲಮನ್ನು ಓದಿ ಹೇಳಿದೆ. ಕೆಲಸ ಶುರುವಾಗುವ ಮೊದಲು, ನಡೆಯುವಾಗ, ಮುಗಿದ ಮೇಲೆ ಫೋಟೋ ಹಾಕಬೇಕು. ದೂರು ಹೇಳಲು ಒಂದು ಫೋನ್ ನಂಬರ್ ಕೊಡಬೇಕು, ಹಗಲು ಹೊತ್ತು ಅದನ್ನು ಯಾರಾದರೂ ಎತ್ತಲೇಬೇಕು. ಬಂದ ದೂರನ್ನೂ ಅದರ ಉತ್ತರವನ್ನೂ ಪುಟದಲ್ಲೇ ಹಾಕಬೇಕು. ಒಮ್ಮೆ ಹಾಕಿದ ಫೋಟೋವನ್ನು ಕೆಲಸ ಮುಗಿದು ಒಂದು ವರ್ಷದವರೆಗೆ ತೆಗೆಯುವಂತಿಲ್ಲ.

ಹನೀಫಾ ಹೊಟ್ಟೆ ಹಿಡಿದು ನಕ್ಕರು. "ಲಾಯಿಲದ ತೋಡಿನ ಬದಿಯಲ್ಲಿ ಇಂಟರ್ನೆಟ್ ನೋಡುವವರು ಯಾರು? ಏಡಿಗಳಾ?"

"ಫೋನ್ ನಂಬರ್ ಯಾವುದು ಹಾಕುವ ಹನೀಫಾಕ?" ಎಂದೆ. ನಮ್ಮಂಥ ಕಿರಿಯರಿಗೆಲ್ಲ ಅವರು ಹನೀಫಾಕ, ಅಂದರೆ ಹನೀಫಣ್ಣ.

"ನನ್ನ ಮೊಬೈಲ್ ಬೇಡ. ಮನೆಯ ಲ್ಯಾಂಡ್‌ಲೈನ್ ಹಾಕು. ಉಮ್ಮ ಇದ್ದಾರಲ್ಲ, ಕೂತು ಕೂತು ಅವರಿಗೂ ಬೇಜಾರು."

ಹನೀಫಾ ಜೀವಮಾನದಲ್ಲಿ ಮಾಡಿದ ದೊಡ್ಡ ತಪ್ಪು ಇದೇ. ಅವರ ತಾಯಿ ಆಸ್ಯಮ್ಮನನ್ನು ನಾನು ಬಲ್ಲೆ. ಕೊಂಡ ಬಂಗುಡೆ ಹಳತೆಂದು ಗೊತ್ತಾದರೆ, ಮೂರು ಮನೆ ದಾಟಿ ಹೋದ ಮೀನಿನವನನ್ನು ವಾಪಸು ಕರೆಸಿ ಅವನಿಗೇ ಮೂಸಿಸುವ ಹೆಂಗಸು. ಎಂಜಿನಿಯರಿಗೆ ಹೆದರದ, ಶಾಸಕರಿಗೆ ಹೆದರದ ಹನೀಫಾ ತಾಯಿಯ ಕೆಮ್ಮು ಕೇಳಿದರೆ ಬೀಡಿ ಬಿಸಾಡುತ್ತಿದ್ದರು.

ಈಗ ಸೇಸಮ್ಮನ ವಿಷಯ ಹೇಳಬೇಕು. ಸೇಸಮ್ಮ ತೋಡಿನ ಈಚೆ ದಡದಲ್ಲಿ ಬೀಡಿ ಕಟ್ಟಿಕೊಂಡು ಒಬ್ಬರೇ ಇದ್ದರು. ಅವರ ತಂಗಿ ಸರಸ ಆಚೆ ದಡದಲ್ಲಿ. ಹಿಂದಿನ ಮಳೆಗಾಲದಲ್ಲಿ ಹಳೆಯ ಮರದ ಸಂಕದಿಂದ ಜಾರಿ ಬಿದ್ದು ಸೇಸಮ್ಮನ ಕೈ ಮುರಿದಿತ್ತು. ಕೈ ಕೂಡಿತು, ಧೈರ್ಯ ಕೂಡಲಿಲ್ಲ. ಅಂದಿನಿಂದ ಅಕ್ಕತಂಗಿ ದಡದ ಮೇಲೆ ನಿಂತು ಒಬ್ಬರಿಗೊಬ್ಬರು ಬೊಬ್ಬೆ ಹೊಡೆದೇ ಮಾತಾಡುತ್ತಿದ್ದರು. ಸಾರಿಗೆ ಏನು ಹಾಕಿದೆ, ಯಾರ ಮಗಳಿಗೆ ಗಂಡು ಬಂತು ಎಲ್ಲವೂ ಇಡೀ ಲಾಯಿಲಕ್ಕೆ ಕೇಳುತ್ತಿತ್ತು. ಬದಿಯಲ್ಲಿ ಕೈಗೆ ಆಧಾರವಾಗಿ ಗಟ್ಟಿ ಕೈತಾಂಗು ಇರುವ ಸಂಕ ಬಂದರೆ ಅದನ್ನು ಹಿಡಿದುಕೊಂಡು ತಂಗಿಯ ಮನೆಗೆ ಹೋಗುತ್ತೇನೆ ಎಂದು ಸೇಸಮ್ಮ ಕಾಯುತ್ತಿದ್ದರು. ಅವರ ಮಗ ನಿತ್ಯಾನಂದ ದುಬಾಯಿಯ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಅವನ ಮುಂದೆ ಕಂಪ್ಯೂಟರ್ ಇತ್ತು. ಏಡಿಗಳ ಲೆಕ್ಕ ಹಾಕಿದ ಹನೀಫಾ ಇವನನ್ನು ಮರೆತಿದ್ದರು.

ಮೇ ತಿಂಗಳಲ್ಲಿ ಸಂಕಕ್ಕೆ ಕಾಂಕ್ರೀಟಿನ ಹಲಗೆ ಹಾಕಿ ಆಯಿತು. ಕೈತಾಂಗಿನ ಪೈಪುಗಳು ವೆಲ್ಡರನ ಸಮೇತ ಮೂಡುಬಿದಿರೆಯ ಇನ್ನೊಂದು ಕೆಲಸಕ್ಕೆ ಹೋಗಿಬಿಟ್ಟಿದ್ದವು. ಬಿಲ್ ಪಾಸಾಗಲು ಮುಗಿದ ಸಂಕದ ಫೋಟೋ ಬೇಕಲ್ಲ, ಹನೀಫಾ ಒಂದು ತಂದುಕೊಟ್ಟರು. ನೀಲಿ ಬಣ್ಣದ ಕೈತಾಂಗು ಹೊಳೆಯುತ್ತಿತ್ತು. ನಾನು ಹಾಕಿದೆ. ಮಂಗಳೂರಿನ ಎಂಜಿನಿಯರು ಪುಟ ನೋಡಿ ಬಹಳ ಚಂದ ಉಂಟು ಎಂದರು. ಪುಟ ಇದ್ದ ಮೇಲೆ ಲಾಯಿಲಕ್ಕೆ ಬರುವ ಕಷ್ಟ ಅವರಿಗೆ ಯಾಕೆ?

ನಾವು ಫೋಟೋವನ್ನು ಒಮ್ಮೆ ನೋಡಿ ಬಿಡುತ್ತೇವೆ. ಗಲ್ಫಿನಲ್ಲಿರುವವರು ಹಾಗಲ್ಲ. ಊರಿನ ಒಂದು ಫೋಟೋ ಸಿಕ್ಕಿದರೆ ಅದರ ಪ್ರತಿ ಎಲೆಯನ್ನೂ ನೋಡುತ್ತಾರೆ. ನಿತ್ಯಾನಂದ ಸಂಕದ ಹಿಂದಿನ ಅಂಗಡಿಯ ಬೋರ್ಡನ್ನು ದೊಡ್ಡದು ಮಾಡಿ ಓದಿದ: ಮೂಡುಬಿದಿರೆ. ದುಬಾಯಿಯಿಂದಲೇ ದೂರಿನ ನಂಬರಿಗೆ ಫೋನ್ ಮಾಡಿದ. ಆಸ್ಯಮ್ಮ ಎತ್ತಿದರು. ಮೊದಲು ಅವನು ಯಾರ ಮಗ, ಊಟ ಆಯಿತಾ, ರೂಮಿನಲ್ಲಿ ಎಷ್ಟು ಜನ ಎಂದೆಲ್ಲ ವಿಚಾರಿಸಿಕೊಂಡರು. ಪಾಪ, ದುಡ್ಡು ಅವನದೇ ಹೋಗುತ್ತಿತ್ತು. ಆಮೇಲೆ ದೂರು ಕೇಳಿಸಿಕೊಂಡರು.

ಮರುದಿನ ಬೆಳಿಗ್ಗೆ ಕೊಡೆ ಊರಿಕೊಂಡು ನನ್ನ ಮಹಡಿ ಹತ್ತಿದರು. "ನನ್ನ ನಂಬರ್ ಎಲ್ಲಿ ಹಾಕಿದ್ದೀ ತೋರಿಸು ಮಗಳೇ."

ತೋರಿಸಿದೆ. ಕಲಮನ್ನೂ ಓದಿ ಹೇಳಿದೆ.

"ಹಾಗಾದರೆ ಆ ಹುಡುಗನಿಗೆ ಉತ್ತರ ಕೊಡಬೇಕಾದವಳು ನಾನಾ?"

"ಕಾಗದದ ಪ್ರಕಾರ ನೀವೇ."

"ನೋಡದೆ ಹೇಗೆ ಉತ್ತರ ಕೊಡುವುದು? ಹೋಗುವ. ಆ ಫೋಟೋ ತೆಗೆಯುವ ಡಬ್ಬಿ ತೆಗೆದುಕೋ."

ಅಂಗಡಿಗೆ ಬೀಗ ಹಾಕಿ ಲಾಯಿಲದ ಕಡೆಯ ಬೆಳ್ತಂಗಡಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಅವರು ಮಗನನ್ನು ಬ್ಯಾರಿ ಭಾಷೆಯಲ್ಲಿ ಬೈದರು, ಕಂಡಕ್ಟರ್ ಚಿಲ್ಲರೆ ಕೊಡದಾಗ ಅವನಿಗಾಗಿ ತುಳುವಿಗೆ ಬದಲಾಯಿಸಿದರು.

ಸಂಕ ಇತ್ತು. ಒಬ್ಬರು ನಡೆಯುವಷ್ಟು ಅಗಲದ ಬೋಳು ಕಾಂಕ್ರೀಟು, ಕೆಳಗೆ ಮೊದಲ ಮಳೆಯ ಕೆಂಪು ನೀರು. ದಡದಲ್ಲಿ ಸೇಸಮ್ಮ ನಿಂತಿದ್ದರು. ಆಸ್ಯಮ್ಮ ಅವರನ್ನು ನೋಡಿದರು, ಸಂಕವನ್ನು ನೋಡಿದರು. "ಇದರಲ್ಲಿ ಹೆದರುವುದೆಂಥದು?" ಎಂದು ನಡೆದೇ ಬಿಟ್ಟರು. ನಟ್ಟನಡುವೆ ನಿಂತರು. ಮೆಲ್ಲನೆ ಕೂತರು.

"ಸುರಕ್ಷಾ," ಎಂದರು. ಆ ಸ್ವರವನ್ನು ನಾನು ಅವರಿಂದ ಯಾವತ್ತೂ ಕೇಳಿರಲಿಲ್ಲ. "ನನಗೆ ಆಗುವುದಿಲ್ಲ. ಮುಂದೆಯೂ ಆಗುವುದಿಲ್ಲ, ಹಿಂದೆಯೂ ಆಗುವುದಿಲ್ಲ."

ನನಗೆ ನಗು ಬಂದಿತ್ತು, ಅಲ್ಲೇ ಸತ್ತಿತು. ಆಸ್ಯಮ್ಮ ಕೊಡೆಯನ್ನು ಎದೆಗೆ ಅವುಚಿಕೊಂಡರು. ಸೇಸಮ್ಮ ದಡದಿಂದ "ಕೆಳಗೆ ನೋಡಬೇಡಿ, ನನ್ನನ್ನೇ ನೋಡಿ" ಎಂದು ಕೂಗುತ್ತ ಅಲ್ಲೇ ಕೂತುಬಿಟ್ಟರು. ನಾನು ಹನೀಫಾರಿಗೆ ಫೋನ್ ಮಾಡಿದೆ.

"ನಿಮ್ಮ ಉಮ್ಮ ನಿಮ್ಮ ಸಂಕದ ಮೇಲೆ ಕೂತಿದ್ದಾರೆ. ಹಿಡಿದುಕೊಳ್ಳಲಿಕ್ಕೆ ಏನೂ ಇಲ್ಲ."

ಮೂಡುಬಿದಿರೆಯಿಂದ ಜೀಪು ಹಾರಿಸಿಕೊಂಡು ಬಂದರು. ಅಷ್ಟರಲ್ಲಿ ಮಳೆ ಬಂದು, ಆಸ್ಯಮ್ಮ ಸಂಕದ ಮಧ್ಯೆ ಕೊಡೆ ಬಿಡಿಸಿಕೊಂಡು ಕೂತಿದ್ದರು. ಹಲಗೆಯ ಮೇಲೆ ಇಬ್ಬರಿಗೆ ಜಾಗ ಇಲ್ಲ. ಬೇರೆ ದಾರಿ ಕಾಣದೆ ಹನೀಫಾ ಬಿಳಿ ಪ್ಯಾಂಟಿನಲ್ಲೇ ತೋಡಿಗೆ ಇಳಿದರು. ನೀರು ಸೊಂಟದವರೆಗೆ, ಸಂಕ ಎದೆಯವರೆಗೆ. ತಾಯಿ ಮಗನ ನೆತ್ತಿಯ ಮೇಲೆ ಕೈ ಊರಿ ಎದ್ದರು. ಅವರು ಮೇಲೆ ಬಗ್ಗಿಕೊಂಡೇ ಒಂದು ಹೆಜ್ಜೆ, ಇವರು ನೀರಿನಲ್ಲಿ ಒಂದು ಹೆಜ್ಜೆ. ಹಾಗೆಯೇ ಸರಸನ ಮನೆಯ ದಡ ಮುಟ್ಟಿದರು.

ದಡ ಮುಟ್ಟಿದ ಕೂಡಲೇ ಆಸ್ಯಮ್ಮನ ಸ್ವರ ವಾಪಸು ಬಂತು. "ಮೇಲೆ ಬರಬೇಡ. ಹೋಗಿ ಸೇಸಮ್ಮನನ್ನು ಕರೆದುಕೊಂಡು ಬಾ."

"ಉಮ್ಮ, ಏಡಿ ಕಚ್ಚುತ್ತದೆ!"

"ಕಚ್ಚಲಿ."

ಸೇಸಮ್ಮ ಹಿಂಜರಿದರು. ಆಮೇಲೆ ಕಂಟ್ರಾಕ್ಟರನ ತಲೆಯ ಮೇಲೆ ಕೈ ಇಟ್ಟು, ಒಂದು ವರ್ಷದ ನಂತರ ಮೊದಲ ಸಲ ತೋಡು ದಾಟಿದರು. ಆಚೆ ನಿಂತ ಸರಸ ಅಭ್ಯಾಸಬಲದಿಂದ "ಅಕ್ಕಾ, ಬಂದೆಯಾ!" ಎಂದು ಬೊಬ್ಬೆ ಹೊಡೆದರು, ಒಂದು ಮಾರು ದೂರದಿಂದ. ಇಬ್ಬರೂ ಅತ್ತರು. ನಾನೂ ಅತ್ತೆ, ಅಳುತ್ತಲೇ, ಸೇಸಮ್ಮನ ಕೈ ಇನ್ನೂ ಹನೀಫಾರ ತಲೆಯ ಮೇಲಿರುವಾಗಲೇ ಕ್ಲಿಕ್ ಮಾಡಿದೆ.

ಫೋಟೋ ಹಾಕಬೇಡ ಎಂದು ಹನೀಫಾ ಕೈ ಮುಗಿದರು. ಆದರೆ ದೂರಿಗೆ ಉತ್ತರ ಕೊಡಬೇಕಾದವರು ಆಸ್ಯಮ್ಮ. ಫೋಟೋದ ಕೆಳಗೆ ಏನು ಬರೆಯಬೇಕೆಂದೂ ಅವರೇ ಹೇಳಿದರು: "ಕೈತಾಂಗು: ತಾತ್ಕಾಲಿಕ."

ಒಂದೇ ವಾರದಲ್ಲಿ ಪೈಪು, ವೆಲ್ಡರ್, ನೀಲಿ ಬಣ್ಣ ಎಲ್ಲವೂ ಲಾಯಿಲಕ್ಕೆ ಬಂದವು. ಅಷ್ಟರಲ್ಲಿ ದುಬಾಯಿ, ದಮ್ಮಾಮಿನಲ್ಲಿರುವ ಅರ್ಧ ಬಂಟ್ವಾಳ ಆ ಪುಟ ನೋಡಿ ಆಗಿತ್ತು. ಪುಟದಿಂದ ಫೋಟೋ ತೆಗೆ ಎಂದು ಹನೀಫಾ ಬಂದಾಗಲೆಲ್ಲ ನಾನು ಹದಿನೆಂಟನೇ ಕಲಮನ್ನು ತೋರಿಸಿದೆ. ಯಾವ ಮದುವೆಗೆ ಹೋದರೂ ಯಾರಾದರೊಬ್ಬರು ಅವರ ತಲೆ ಮುಟ್ಟಿ "ಗಟ್ಟಿ ಉಂಟಾ?" ಎಂದು ಕೇಳುತ್ತಿದ್ದರಂತೆ.

ವರ್ಷ ತುಂಬಿದ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಹನೀಫಾ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಪುಟದಿಂದ ಆ ಫೋಟೋ ಅಳಿಸಿದೆ. ಹನೀಫಾ ನನಗೆ ತಿನ್ನಲು ಬಿಸಿ ಗೋಳಿಬಜೆ ತರಿಸಿಕೊಟ್ಟರು.

ಎರಡು ದಿನ ಕಳೆದು ಮತ್ತೆ ಬಂದರು, ಮುಖ ಸಪ್ಪೆ.

"ಆ ಫೋಟೋ ನಿನ್ನ ಹತ್ತಿರ ಉಂಟಾ?"

"ಉಂಟು. ಯಾಕೆ?"

"ಉಮ್ಮನಿಗೆ ದೂರು ಬಂದಿದೆ. ದುಬಾಯಿಯಿಂದ, ಆ ನಿತ್ಯಾನಂದನದು." ಕುರ್ಚಿ ಎಳೆದುಕೊಂಡು ಕೂತರು. "ಅವನ ತಾಯಿ ಯಾರ ಕ್ಯಾಮರಾದ ಮುಂದೆಯೂ ನಿಲ್ಲುವವರಲ್ಲವಂತೆ. ಅವರದೊಂದು ಫೋಟೋ ಅಂತ ಅವನಿಗೆ ಇದ್ದದ್ದು ಅದೊಂದೇ. ದಿನಾ ಊಟದ ಹೊತ್ತಿಗೆ ತೆರೆದು ನೋಡುತ್ತಿದ್ದನಂತೆ."

"ಅದನ್ನು ಅವನಿಗೆ ಈಮೇಲ್ ಮಾಡಿದರೆ ಸಾಕಲ್ಲ ಹನೀಫಾಕ. ಪುಟದಲ್ಲಿ ಹಾಕಬೇಕೆಂದಿಲ್ಲ."

ಅವರು ತಲೆ ಸವರಿಕೊಂಡರು.

"ಪುಟದಲ್ಲೇ ಹಾಕು ಮಾರಾಯ್ತಿ. ಅವನು ಅಲ್ಲಿಯೇ ಹುಡುಕುತ್ತಾನೆ."