ಹದಿನೆಂಟಕ್ಕೆ ಅರ್ಧ ಕಡಿಮೆ

“ಈ ಅರ್ಧ ಎಲ್ಲಿಗೆ ಹೋಯ್ತು?”

ಅಣ್ಣ ಕೇಳಿದ್ದು ತಂಗಿಯನ್ನಲ್ಲ, ಪಕ್ಕದಲ್ಲಿದ್ದ ಹೆಂಡತಿಯನ್ನೂ ಅಲ್ಲ. ಕೈಯಲ್ಲಿದ್ದ ಸಿರಿಂಜನ್ನೇ ದಿಟ್ಟಿಸುತ್ತಿದ್ದ.

ಗ್ಯಾರೇಜಿನ ಮೇಜಿನ ಮೇಲೆ ತಂಗಿಯ ಬೈಕಿನ ಎಂಜಿನ್ನಿನ ಮುಚ್ಚಳ, ಅಂದರೆ ಸಿಲಿಂಡರ್ ಹೆಡ್, ಅಂಗಾತ ಮಲಗಿತ್ತು. ಪೆಟ್ರೋಲು ಹೊತ್ತಿ ಉರಿಯುವ ಕುಳಿಯ ಅಂಚಿಗೆ ಗ್ರೀಸು ಬಳಿದು, ಒಂದು ತೂತಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒತ್ತಿ ಕೂರಿಸಿ, ತೂತಿನಿಂದ ಸೀಮೆಎಣ್ಣೆ ತುಂಬಿಸಿ ಅಳೆಯುತ್ತಿದ್ದ. ರೇಸಿನ ನಿಯಮದಂತೆ ಕುಳಿ ಕನಿಷ್ಠ ಹದಿನೆಂಟು ಸಿ.ಸಿ. ಹಿಡಿಯಲೇಬೇಕು. ಕಡಿಮೆಯಾದರೆ ನಾಳೆ ತಪಾಸಣೆಯಲ್ಲೇ ಬೈಕು ಹೊರಗೆ. ತಂಗಿಗೆ ಅದು ಜೀವನದ ಮೊದಲ ರೇಸು. ಕುಳಿ ಕಿರಿದಾಗಿ ವೇಗ ಹೆಚ್ಚಲಿ ಎಂದು ಹೆಡ್ಡನ್ನು ಉಜ್ಜಿ ತೆಳ್ಳಗೆ ಮಾಡಿದವನು ಅಣ್ಣನೇ. ಈಗ ಎಣ್ಣೆ ತೂತಿನ ಬಾಯಿಗೆ ಬಂದಿತ್ತು. ಲೆಕ್ಕ ಹದಿನೇಳೂವರೆಗೇ ನಿಂತಿತ್ತು.

“ಸಾಕು ಸಾಕು ಅಂತ ಬಡ್ಕೊಂಡೆ. ಪಾತ್ರೆ ತಿಕ್ಕೋ ಹಾಗೆ ತಿಕ್ಕಿದೆಯಲ್ಲೋ ಅಣ್ಣ!” ತಂಗಿಯ ದನಿ ಅಳುವಿನ ಅಂಚಿನಲ್ಲಿತ್ತು.

“ಮನೇಲಿ ಒಂದು ಲೋಟಾನೂ ತಿಕ್ಕಿದವರಲ್ಲ,” ಎಂದಳು ಅತ್ತಿಗೆ. ಆಸ್ಪತ್ರೆಯ ನರ್ಸು ಅವಳು. ಸಿರಿಂಜು ತಂದುಕೊಟ್ಟದ್ದೂ ಅವಳೇ. ಬಗ್ಗಿ ನೋಡಿದಳು. “ರೀ, ಈ ಮೂಲೆಗೆ ಯಾಕಿಷ್ಟು ಗ್ರೀಸು? ಮಗು ಮುಖಕ್ಕೆ ಪೌಡರ್ ಮೆತ್ತಿದ ಹಾಗಿದೆ.”

ಹಾಳೆಯ ಮೇಲೆ ಮೆತ್ತಿದ್ದನ್ನು ಹತ್ತಿಯಿಂದ ಒರೆಸಿದಳು. ಕೆಳಗೆ ಬಟಾಣಿ ಗಾತ್ರದ ಗಾಳಿಗುಳ್ಳೆಯೊಂದು ಹಾಯಾಗಿ ಕೂತಿತ್ತು.

“ಗಾಳಿ ಬಿಡಿಸ್ದೇ ಸೂಜಿ ಚುಚ್ಚಿದ್ರೆ ನನ್ನ ಕೆಲಸ ಉಳಿಯುತ್ತಾ?”

ತೂತು ಮೇಲಕ್ಕೆ ಬರುವಂತೆ ಹೆಡ್ಡನ್ನು ವಾಲಿಸಿ, ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಗುಳ್ಳೆ ಜಾರಿತು, ನಿಂತಿತು, ಮತ್ತೆ ಜಾರಿತು. ತೂತಿನಲ್ಲಿ ‘ಬುಳಕ್’ ಎಂದು ಒಡೆದು ಹೋಯಿತು. ಎಣ್ಣೆ ಕೆಳಗಿಳಿಯಿತು.

ಅಣ್ಣ ಸಿರಿಂಜು ಹಿಡಿದ. ಜಪಮಣಿ ಸರಿದಂತೆ ಹನಿಯ ಹಿಂದೆ ಹನಿ ಇಳಿಯಿತು.

“ಹದಿನೆಂಟು!” ಎಂದ. ಇನ್ನೂ ನಾಲ್ಕಾರು ಹನಿ ಇಳಿದವು. “ಮೇಲೊಂದು ಚೂರು!”

ತಂಗಿ ಅತ್ತಿಗೆಯನ್ನು ತಬ್ಬಿಕೊಂಡು ಗಿರ್ರನೆ ಸುತ್ತಿಸಿಬಿಟ್ಟಳು. “ಬಿಡೇ, ತಲೆ ತಿರುಗುತ್ತೆ!” ಎನ್ನುತ್ತ ಅತ್ತಿಗೆ ನಕ್ಕಳು, ನಗುತ್ತಲೇ ಮತ್ತೊಂದು ಸುತ್ತು ಸುತ್ತಿದಳು.

ಅಣ್ಣನ ಕಣ್ಣು ಮಾತ್ರ ಆ ಮೇಲಿನ ಚೂರಿನ ಮೇಲೇ ಇತ್ತು. ಕೈ ತಾನಾಗಿ ಉಪ್ಪುಕಾಗದದ ಕಡೆ ಹೋಯಿತು.

“ಪುಟ್ಟೀ... ಆ ಚೂರೂ ಯಾಕೆ ದಂಡ? ಒಂದೇ ಒಂದ್ಸಲ ಉಜ್ಜಿಬಿಡ್ಲಾ? ಗಾಡಿ ಹಾರುತ್ತೆ ಕಣೇ.”

ತಂಗಿ ಸೀಮೆಎಣ್ಣೆ ಸೋರುತ್ತಿದ್ದ ಹೆಡ್ಡನ್ನು ಎತ್ತಿ ಎದೆಗವಚಿಕೊಂಡಳು.

“ಕೊಡಲ್ಲ ಅಂದ್ರೆ ಕೊಡಲ್ಲ!”