ಓಡದ ಮೆಷಿನ್

"ಯಾರೇ ನಿನಗೆ ಎಣ್ಣೆ ಹಾಕು ಅಂದಿದ್ದು, ಹಾದರಗಿತ್ತಿ?"

ಮ್ಯಾನೇಜರ್ ಸಾಹೇಬರು ಹೀಗೆ ಅರಚಿದಾಗ ನಾನು ಮೂರನೇ ರೋಲರಿನ ಬೇರಿಂಗಿಗೆ ಗ್ರೀಸು ತುಂಬುತ್ತಿದ್ದೆ. ನಮ್ಮದು ಸರ್ಕಾರಿ ಕಾಗದದ ಕಾರ್ಖಾನೆ. ನಿಂತು ಎರಡು ವರ್ಷವಾಗಿತ್ತು. ಆದರೂ ದಿನಾ ಎಣ್ಣೆ ಹಾಕುತ್ತಿದ್ದೆ, ವಾರಕ್ಕೊಮ್ಮೆ ರೋಲರುಗಳನ್ನು ಕೈಯಲ್ಲೇ ತಿರುಗಿಸಿ ಇಡುತ್ತಿದ್ದೆ. ನಿಲ್ಲಿಸು ಎಂದು ಯಾರೂ ಬರೆದುಕೊಟ್ಟಿರಲಿಲ್ಲವಲ್ಲ. ಹತ್ತೊಂಬತ್ತು ವರ್ಷ ದುಡಿದಿದ್ದೇನೆ, ಖಾಯಂ ಮಾಡಿ ಎಂದು ಕೇಳಿದಾಗ ಇದೇ ಸಾಹೇಬರು ಹೇಳಿದ್ದರು, ಇಲ್ಲಿ ಲಿಖಿತ ಆದೇಶವಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂದು. ನಾನು ಇವತ್ತಿಗೂ ಹಂಗಾಮಿ.

ಸಾಹೇಬರ ಸಂಕಟ ಬೇರೆಯೇ ಇತ್ತು. ಮಾರನೆಯ ದಿನ ಕಾರ್ಖಾನೆಗೆ ಬೆಲೆ ಕಟ್ಟುವ ಅಧಿಕಾರಿ ಬರುವವರಿದ್ದರು. ಯಂತ್ರವೆಲ್ಲ ಗುಜರಿ ಎಂದು ಬರೆದರೆ ಕಾರ್ಖಾನೆ ಚಿಲ್ಲರೆ ಕಾಸಿಗೆ ಸಾಹೇಬರ ಭಾವಮೈದುನನಿಗೆ, ನಾವು ನಲವತ್ತು ಜನ ಬೀದಿಗೆ. ಇದು ಗೇಟಿನ ನಾಯಿಗೂ ಗೊತ್ತಿತ್ತು. ಒಂದು ಬಕೆಟ್ ಮರಳು ತರಿಸಿ ನನ್ನ ಮುಂದಿಟ್ಟು, ಸಂಜೆಯೊಳಗೆ ಬೇರಿಂಗುಗಳಿಗೆ ಸುರಿ ಎಂದರು. ಸುರಿದರೆ ಹೊಸ ಮಾಲೀಕನ ಹತ್ತಿರ ಕಸ ಗುಡಿಸುವ ಕೆಲಸ ಕೊಡಿಸುತ್ತಾರಂತೆ.

ನಮ್ಮ ಅನ್ನಕ್ಕೆ ನನ್ನ ಕೈಯಿಂದಲೇ ಮಣ್ಣು ಹಾಕಿಸುವ ಜಾಣತನ ಕಂಡು ಸಿಟ್ಟಿಗಿಂತ ಮೊದಲು ನಗು ಬಂತು. ಬಕೆಟ್ಟನ್ನು ಮೂಲೆಗೆ ಸರಿಸಿದೆ.

ಮಾರನೆಯ ದಿನ ಅಧಿಕಾರಿ ಬಂದರು. ಮೂಗಿಗೆ ಕರವಸ್ತ್ರ, ಕೈಯಲ್ಲಿ ಫಾರಂ. ಯಂತ್ರದ ಕಡೆ ನೋಡದೆಯೇ ಬರೆಯತೊಡಗಿದರು. ಇದು ಸತ್ತು ಎರಡು ವರ್ಷವಾಯಿತು ಎಂದು ಸಾಹೇಬರು ಪಕ್ಕದಲ್ಲಿ ನಿಂತು ಶೋಕಿಸಿದರು. ಆದರೆ ಅವರ ಕೋಣೆಯ ಎಸಿಗೆಂದು ಕರೆಂಟನ್ನು ಮಾತ್ರ ತೆಗೆಸಿರಲಿಲ್ಲ. ನಾನು ಯಂತ್ರದ ಸ್ವಿಚ್ಚಿನ ಹಿಡಿಕೆ ಎಳೆದೆ.

ರೋಲರುಗಳು ಒಂದು ಸಲ ನರಳಿದವು, ಆಮೇಲೆ ತಿರುಗಿದವು. ನೆಲ ಅದುರಿತು. ಇವತ್ತು ನಾಳೆ ಶುರುವಾದೀತೆಂದು ದಿನಾ ಗೇಟಿನಾಚೆ ಬಂದು ಕೂರುತ್ತಿದ್ದ ನಮ್ಮವರು ಸದ್ದು ಕೇಳಿ ಒಳಗೆ ಓಡಿಬಂದರು. ನನ್ನ ಕಣ್ಣು ತುಂಬಿತು.

ಅಧಿಕಾರಿ ತಲೆಯೆತ್ತಿದರು. "ಅದನ್ನ ಸ್ವಲ್ಪ ನಿಲ್ಸಮ್ಮ. ಈ ಗದ್ದಲದಲ್ಲಿ ಬರೆಯೋಕೆ ಆಗ್ತಿಲ್ಲ."

"ಏನು ಬರೀತಿದೀರಿ ಸಾರ್?"

"ಮೆಷಿನ್ ಓಡಲ್ಲ ಅಂತ."

ಸಾಹೇಬರು ಹಿಡಿಕೆಗೆ ಕೈ ಹಾಕಲು ಬಂದರು. ನಮ್ಮವರು ಅಡ್ಡ ನಿಂತರು. ನಾನು ಗ್ರೀಸಿನ ಬೆರಳನ್ನು ಫಾರಂ ಮೇಲಿಟ್ಟೆ.

"ಓಡದೇ ಇರೋ ಮೆಷಿನ್ನ ನಿಲ್ಲಿಸು ಅಂತ ಇಲ್ಲೇ ಬರೆದು, ಇಬ್ರೂ ಸಹಿ ಹಾಕಿ ಕೊಡಿ. ಈಗಲೇ ನಿಲ್ಲಿಸ್ತೀನಿ."

ಪೆನ್ನು ಅಲ್ಲೇ ನಿಂತಿತು. ನಾನು ಎಣ್ಣೆಯ ಡಬ್ಬಿ ಎತ್ತಿಕೊಂಡು ನಾಲ್ಕನೇ ರೋಲರಿನ ಕಡೆ ಹೋದೆ.